ಡಾಕ್ಟರ ಮುಂದೆ ಉಮ್ ಹೈಸಮ್

ಸಿರಿಯಾ ಬಿಟ್ಟು ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಈ ಕೆನಡಾಕ್ಕೆ ಬಂದು ನೆಲೆಸಿದ ನಮ್ಮ ಉಮ್ ಹೈಸಮ್ ಮೆಟ್ಟಿಲೇರಿದರೆ ಅವರ ನರಳಾಟ ಎಲ್ಲ ಮಹಡಿಗೂ ಕೇಳಿಸುತ್ತದೆ. ಮಂಡಿನೋವು, ಸಕ್ಕರೆ ಕಾಯಿಲೆ, ಎದೆನೋವು ಎಲ್ಲವನ್ನೂ ಕಾಫಿಗೆ ಬಂದವರಿಗೆ ಧಾರಾಳವಾಗಿ ಬಡಿಸುತ್ತಾರೆ. ಆದರೆ ಡಾಕ್ಟರ ಕೋಣೆಯಲ್ಲಿ ಮದುವಣಗಿತ್ತಿಯ ಹಾಗೆ ನೆಟ್ಟಗೆ ಕೂರುತ್ತಾರೆ. "ಏನು ತೊಂದರೆ?" ಎಂದರೆ, "ಅಲ್ಲಾಹುವಿನ ದಯೆ, ಏನೂ ಇಲ್ಲ. ನಿಮ್ಮ ಮಕ್ಕಳು ಚೆನ್ನಾಗಿದಾರಾ?" ದುಭಾಷಿಯಾಗಿ ಜೊತೆಗೆ ಹೋಗುವ ನನಗೆ ಮೈ ಉರಿಯುತ್ತದೆ. "ಖಾಲಾ, ನಿನ್ನೆ ಎದೆ ಹಿಡ್ಕೊಂಡು ಅತ್ತಿದ್ದು ಯಾರು?" ಎಂದು ಮೊನ್ನೆ ಹೊರಗೆ ಬಂದು ರೇಗಿದೆ. "ಸುಮ್ನಿರೇ ಹುಡುಗಿ," ಎಂದರು. "ವಿಮಾನ ಹತ್ತೋಕೆ ಮುಂಚೆ ಅಮ್ಮಾನಲ್ಲೂ ತಪಾಸಣೆ ಮಾಡೋ ಡಾಕ್ಟ್ರು ಹಿಂಗೇ ನಗ್ತಾ ಕೇಳಿದ್ರು. ನನ್ನ ಯಜಮಾನ್ರು ಕೆಮ್ಮು ಇದೆ ಅಂತ ನಿಜ ಹೇಳ್ಬಿಟ್ರು. ಅವರನ್ನ ಅಲ್ಲೇ ನಿಲ್ಲಿಸ್ಕೊಂಡು ನಮ್ಮನ್ನ ಕಳಿಸಿದ್ರು. ಈಗ ಹಬ್ಬಕ್ಕೆ ಅವರ ಗೋರಿ ಮೇಲೆ ಒಂದು ಹಸಿರು ರೆಂಬೆ ಇಡೋರೂ ಅಲ್ಲಿಲ್ಲ."