ಒಂಬತ್ತು ಅಂದರೆ ಒಂಬತ್ತೇ

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ನಾನಿದ್ದ ಕಾರ್ಖಾನೆಯಲ್ಲಿ ಕಾರಿನ ವಾಟರ್ ಪಂಪ್‌ಗಳು ತಯಾರಾಗುತ್ತಿದ್ದವು. ಪ್ರತಿ ತಿಂಗಳು ಎಷ್ಟು ಪಂಪ್ ಮಾಡಬೇಕೆಂದು ಯೋಜನೆ ಹಾಕುವುದು ನನ್ನ ಕೆಲಸ. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಸಂಕೋಚವಿಲ್ಲದೆ ಹೇಳುತ್ತಿದ್ದೇನೆ, ಏಕೆಂದರೆ ಎರಡು ಸಾವಿರದ ಇಸವಿಯ ಆಸುಪಾಸಿನ ಆ ದಿನಗಳಲ್ಲಿ ಬೇರೆ ಯಾರೂ ಅದನ್ನು ಹೇಳುತ್ತಿರಲಿಲ್ಲ.

ಮಾರಾಟದವರ ಆಫೀಸು ಲಿಸ್ಲ್‌ನಲ್ಲಿ, ಕಾರಿನಲ್ಲಿ ಐದು ಗಂಟೆಯ ದಾರಿ. ಅಲ್ಲಿಂದ ತಿಂಗಳಿಗೊಮ್ಮೆ ಸಂಖ್ಯೆ ಬರುತ್ತಿತ್ತು: ಹನ್ನೆರಡು ಸಾವಿರ ಪಂಪ್ ಬೇಕು. ನಮ್ಮ ಪ್ಲಾಂಟ್ ಮ್ಯಾನೇಜರ್ ಅದನ್ನು ಪೂರ್ತಿ ಓದುವ ಮೊದಲೇ ಮೂರನೇ ಒಂದು ಭಾಗ ಕತ್ತರಿಸುತ್ತಿದ್ದ. ಸೇಲ್ಸ್‌ನವರು ಯಾವಾಗಲೂ ಉಬ್ಬಿಸುತ್ತಾರೆ ಎಂಬುದು ಅವನ ವಾದ. ಕಾರ್ಖಾನೆಯವರು ಕತ್ತರಿಸುತ್ತಾರೆ, ಅದಕ್ಕೇ ಉಬ್ಬಿಸಬೇಕು ಎಂಬುದು ಅವರ ವಾದ. ಯಾವ ಮಾಡೆಲ್ ನಿಜಕ್ಕೂ ಬೇಕು, ಯಾವುದು ಬೇಡ ಎಂಬ ವಿಷಯ ಈ ಹಗ್ಗಜಗ್ಗಾಟದಲ್ಲಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಬೇಡದ ಪಂಪ್ ಗೋದಾಮಿನಲ್ಲಿ ರಾಶಿ ಬೀಳುತ್ತಿತ್ತು, ಬೇಕಾದದ್ದು ಸಿಗದೆ ಗ್ರಾಹಕರು ಬೈಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಬೇಸಿಗೆಗೆ ಮುಂಚೆ ಮ್ಯಾನೇಜರ್ ಹೇಳಿಬಿಟ್ಟ: ಇನ್ನೊಂದು ತಿಂಗಳು ಸರಕು ಹೀಗೇ ಉಳಿದರೆ ಸೆಕೆಂಡ್ ಶಿಫ್ಟ್, ಅಂದರೆ ಸಂಜೆ ಪಾಳಿ, ಬಂದ್. ಸುದ್ದಿ ಮಧ್ಯಾಹ್ನದೊಳಗೆ ಎಲ್ಲ ಕಡೆ ಹರಡಿತು. ಆ ಶಿಫ್ಟಿನ ಮುಖ್ಯಸ್ಥೆ, ಐವತ್ತು ದಾಟಿದ ಅಮೆರಿಕನ್ ಹೆಂಗಸು, ಕೆಲಸಕ್ಕೆ ಬಂದವಳೇ ನನ್ನ ಮೇಜಿನ ಹತ್ತಿರ ನಿಂತಳು. ಅವಳ ಮಗಳು ಹಗಲು ದುಡಿಯುತ್ತಿದ್ದಳು, ಮೊಮ್ಮಗನನ್ನು ನೋಡಿಕೊಳ್ಳುವವಳು ಇವಳು. ಮಗಳು ಮನೆಗೆ ಬಂದ ಮೇಲೆ ಇವಳು ಹೊರಡಬೇಕು. ಸಂಜೆ ಪಾಳಿ ಹೋದರೆ ಇವಳ ಕೆಲಸವೂ ಹೋದಂತೆಯೇ.

"ಬೇರೆ ಕಡೆ ಹುಡುಕಲಾ?" ಎಂದಳು.

ಒಂದು ವಾರ ತಡಿ ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ, ಅಂದದ್ದಂತೂ ಗಟ್ಟಿಯಾಗಿಯೇ ಅಂದೆ.

ಲಿಸ್ಲ್‌ನಿಂದ ಆ ಸಂಖ್ಯೆ ಕಳಿಸುತ್ತಿದ್ದವರು ಗದಗದ ಕಡೆಯವರು. ನಾನು ದಾವಣಗೆರೆಯವಳು. ಕಾನ್ಫರೆನ್ಸ್ ಕಾಲ್‌ನಲ್ಲಿ ನಾವಿಬ್ಬರೂ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದೆವು, ಕಾಲ್ ಮುಗಿದ ಮೇಲೆ ಕನ್ನಡದಲ್ಲಿ ಮನೆಮಂದಿಯನ್ನು ವಿಚಾರಿಸಿಕೊಳ್ಳುತ್ತಿದ್ದೆವು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ, ಅವರಿಗೆ ನಾನು ಅಕ್ಕಾರು. ಲಿಸ್ಲ್ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ತಮ್ಮ ಮನೆಗೆ ಊಟಕ್ಕೆ ಬರ್ರಿ ಎಂದು ಬಹಳ ದಿನದಿಂದ ಕರೆಯುತ್ತಿದ್ದರು. ಶನಿವಾರ ಬೆಳಿಗ್ಗೆಯೇ ಕಾರು ಹತ್ತಿ ಹೊರಟೆ.

ಅವರ ಹೆಂಡತಿ, ಭಾಭಿ, ನನಗೆಂದೇ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಒಂದು ರೊಟ್ಟಿ ಮುಗಿಯುತ್ತಲೇ ನಾನು "ಸಾಕು ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ನಮ್ಮ ಕಡೆ ಎರಡು ಬೇಕಾದವರು ಒಂದಕ್ಕೇ ಸಾಕೆನ್ನಬೇಕು; ಬಡಿಸುವವರು ಅದನ್ನು ಕೇಳದೆ ಇನ್ನೊಂದು ಹಾಕಿಯೇ ಹಾಕುತ್ತಾರೆ. ಭಾಭಿ ಹಾಕಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಒಳಗೆ ತೆಗೆದುಕೊಂಡು ಹೊರಟೇಬಿಟ್ಟರು. ಐದು ಗಂಟೆ ಡ್ರೈವ್ ಮಾಡಿ ಬಂದ ಹೊಟ್ಟೆ ನನ್ನದು.

"ಭಾಭಿ, ನಾನು ಸುಳ್ಳು ಹೇಳಿದೆ. ಇನ್ನೂ ಹಸಿವಿದೆ" ಎಂದೆ.

ಅವರು ಹಣೆ ಚಚ್ಚಿಕೊಂಡು ಬುಟ್ಟಿ ವಾಪಸು ತಂದು ಎರಡನೇ ರೊಟ್ಟಿ ಹಾಕಿದರು. "ಅಯ್ಯ, ಇಲ್ಲೇ ಬೆಳೆದ ನಮ್ಮ ಹುಡುಗ್ರು ಸಾಕಂದ್ರ ಸಾಕ ಇರ್ತದ ನೋಡ್ರಿ. ನನಗೂ ಅದ ರೂಢಿ ಆಗೇದ."

ಭಾಯಿ ನಕ್ಕರು. "ಅಲ್ಲಿ ಕೂತು ನನ್ನ ನಂಬರ್ ಕಟ್ ಮಾಡ್ತೀರಿ, ಇಲ್ಲಿ ನಿಮ್ಮ ರೊಟ್ಟಿನೂ ಕಟ್ ಆತು."

ನಗುತ್ತಲೇ ನಾನು ಸೆಕೆಂಡ್ ಶಿಫ್ಟಿನ ಸಂಗತಿ ಹೇಳಿದೆ. ಅವರ ನಗು ನಿಂತಿತು. ತಟ್ಟೆ ಪಕ್ಕಕ್ಕೆ ಸರಿಸಿದರು.

"ಖರೇ ಹೇಳ್ಲೇನ್ರಿ? ಒಂಬತ್ತು ಸಾವಿರ. ಯಾವ ಮಾಡೆಲ್ ಎಷ್ಟು ಅಂತನೂ ಹೇಳ್ತೀನಿ. ಆದ್ರ ನಿಮ್ಮ ಸಾಹೇಬ ಅದನ್ನೂ ಕತ್ತರಿಸಿದ ಅಂದ್ರ, ನನ್ನ ಗಿರಾಕಿಗೆ ಯಾವ ಮಾರಿ ತೋರಿಸ್ಲಿ ನಾನು?"

ಕತ್ತರಿಸಲಿಕ್ಕೆ ಬಿಡುವುದಿಲ್ಲ ಎಂದೆ. ಮೂರನೇ ರೊಟ್ಟಿಯನ್ನು ಕೇಳಿಯೇ ಹಾಕಿಸಿಕೊಂಡೆ.

ಸೋಮವಾರ ಮ್ಯಾನೇಜರ್ ಮುಂದೆ ಒಂಬತ್ತು ಸಾವಿರ ಎಂದು ಇಟ್ಟೆ. ಅವನು ಕಣ್ಣು ಮಿಟುಕಿಸದೆ, ಹಾಗಾದರೆ ಆರು ಮಾಡು ಎಂದ. ಹನ್ನೆರಡನ್ನು ಕತ್ತರಿಸಿ ಉಳಿಯುತ್ತಿದ್ದ ಎಂಟು ಸಾವಿರಕ್ಕೆ ಎರಡು ಪಾಳಿ ಬೇಕಿತ್ತು, ಆರು ಸಾವಿರಕ್ಕೆ ಒಂದೇ ಸಾಕು. ಅಂದರೆ ಸುಳ್ಳು ಸಂಖ್ಯೆ ಇಷ್ಟು ದಿನ ಕಾಪಾಡಿದ ಶಿಫ್ಟನ್ನು ಮೊದಲ ಸಲ ಹೇಳಿದ ನಿಜವೇ ಮುಳುಗಿಸಲಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಇದರಲ್ಲಿ ಒಂದನ್ನೂ ಮುಟ್ಟಬೇಡಿ. ಮುಟ್ಟಿದರೆ ಮುಂದಿನ ತಿಂಗಳು ಮತ್ತೆ ಹನ್ನೆರಡು ಬರುತ್ತದೆ, ನಿಜ ಯಾವತ್ತೂ ಬರುವುದಿಲ್ಲ."

"ನಿಮ್ಮ ದೇಶದವನೆಂದು ನಂಬಿದೆಯಾ?"

"ಅಲ್ಲ. ಸುಳ್ಳು ಹೇಳಿ ಹೇಳಿ ಅವರಿಗೂ ಬೇಸರ ಬಂದಿದೆ ಎಂದು ನಂಬಿದೆ. ಸರಕು ಉಳಿದರೆ ಶಿಫ್ಟಿಗಿಂತ ಮೊದಲು ನನ್ನನ್ನು ಮನೆಗೆ ಕಳಿಸಿ."

ಒಂದೇ ಒಂದು ತಿಂಗಳು ಎಂದ. ಆ ತಿಂಗಳು ಭಾಯಿ, ನಾನು ದಿನಾ ಮಾತಾಡಿದೆವು. ಅಲ್ಲಿ ಒಂದು ಆರ್ಡರ್ ಹಿಂದೆಮುಂದೆಯಾದರೆ ಇಲ್ಲಿ ಅವತ್ತೇ ಗೊತ್ತಾಗುತ್ತಿತ್ತು. ನನಗೆ ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ತಿಂಗಳ ಕೊನೆಗೆ ಗೋದಾಮಿನ ನೆಲ ಕಂಡಿತು. ಮ್ಯಾನೇಜರ್ ಹೊಗಳಲಿಲ್ಲ. ಲಿಸ್ಲ್‌ನವರ ಜೊತೆ ಮುಂದಿನ ಮೀಟಿಂಗ್ ಯಾವಾಗ, ನಾನೂ ಕೂರುತ್ತೇನೆ ಎಂದ. ಅವನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಅವತ್ತು ಸಂಜೆ ನಾನೇ ಹೋಗಿ ಆ ಪಾಳಿಯ ಮುಖ್ಯಸ್ಥೆಗೆ ಶಿಫ್ಟ್ ಉಳಿಯಿತೆಂದು ಹೇಳಿದೆ. ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ, ಅದಕ್ಕೆಂದೇ ಹೋಗಿದ್ದೆ ಎಂದರೂ ಸರಿಯೇ. ಅವಳು ಕೈಗವಸು ಹಾಕಿಕೊಳ್ಳುತ್ತಾ ಕೇಳಿದಳು:

"ಮುಂದಿನ ತಿಂಗಳು?"

ಇನ್ನೂ ಗೊತ್ತಿಲ್ಲ ಎಂದೆ. ಇನ್ನು ಮೇಲೆ ಎರಡೂ ಕಡೆಯವರು ಕೂತು ಒಂದೇ ಸಂಖ್ಯೆಗೆ ಒಪ್ಪುತ್ತೇವೆ, ಏನಾಯಿತೆಂದು ಅವತ್ತೇ ಬಂದು ನಿನಗೆ ಹೇಳುತ್ತೇನೆ ಎಂದೆ.

"ಕೆಟ್ಟದ್ದಾದರೂ?"

"ಕೆಟ್ಟದ್ದಾದರೆ ಮೊದಲು ನಿನಗೇ."

ಅವಳು ಎರಡನೇ ಕೈಗವಸನ್ನೂ ಎಳೆದುಕೊಂಡಳು. ಆಮೇಲೆ, "ಹಾಗಾದರೆ, ಹಗಲು ಕೆಲಸಕ್ಕೆ ಹೋಗಬೇಕಾಗಿ ಬಂದರೆ, ಮಗುವನ್ನು ನೋಡಿಕೊಳ್ಳಲು ಯಾರನ್ನಾದರೂ ಹುಡುಕುವುದಕ್ಕೆ ನನಗೆ ಟೈಮ್ ಸಿಗುತ್ತದೆ. ಇಷ್ಟು ವರ್ಷದಲ್ಲಿ ನೀವು ಯಾರೂ ಅದನ್ನು ಕೊಟ್ಟಿರಲಿಲ್ಲ" ಎಂದು ಹೇಳಿ ತನ್ನ ಲೈನಿಗೆ ಹೋದಳು.