ಟಾಕಿ ಏರುವ ಗಂಡಸು

ನಾನು ಈ ಹೈಸ್ಕೂಲಿಗೆ ಸೇರಿದಾಗ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಹೆಣ್ಣುಮಗಳು. ವಿಜಯಪುರದಿಂದ ತಿಕೋಟಾ ದಾಟಿ ಕನಮಡಿ ಕಡೆ ಹೋಗುವ ಬಸ್ಸಿನಲ್ಲಿ ದಿನಾ ಬರುತ್ತಿದ್ದೆ. ಸಾಹೇಬರು ಯಾರೇ ಬಂದರೂ ಆರತಿ ತಟ್ಟೆ ನನ್ನ ಕೈಗೆ, ಆಗಸ್ಟ್ ಹದಿನೈದರ ರಂಗೋಲಿ ನನ್ನ ಪಾಲಿಗೆ, ಚಹಾಪುಡಿ ಮುಗಿದರೆ ಎಲ್ಲರ ಕಣ್ಣು ನನ್ನ ಮೇಲೆ. ನಾನು ಸಮಾಜ ವಿಜ್ಞಾನ ಕಲಿಸಲು ಬಂದವಳು ಎಂಬುದು ಟೈಮ್‌ಟೇಬಲ್ ನೋಡಿದಾಗ ಮಾತ್ರ ಅವರಿಗೆ ನೆನಪಾಗುತ್ತಿತ್ತು.

ಆಫೀಸಿನ ಗೋಡೆಯ ಮೇಲೆ ವರ್ಷಕ್ಕೊಂದರಂತೆ ಸಿಬ್ಬಂದಿಯ ಫೋಟೋ ತೂಗುಹಾಕಿದ್ದಾರೆ. ಹಳೆಯದರಲ್ಲಿ ಮೀಸೆಗಳ ಸಾಲು, ತುದಿಗೆ ಸೆರಗು ಬಿಗಿಹಿಡಿದ ನಾನು. ಬರಬರುತ್ತ ಒಂದೊಂದು ಮೀಸೆ ನಿವೃತ್ತಿಯಾಗಿ ಅದರ ಜಾಗದಲ್ಲಿ ಒಂದೊಂದು ಸೀರೆ ಬಂದಿದೆ. ಈಚಿನ ಫೋಟೋದಲ್ಲಿ ಬರೀ ಸೀರೆ, ಚೂಡಿದಾರ. ತುದಿಯಲ್ಲಿ ಗಣಿತದ ಸರ್ ಒಬ್ಬರೇ, ಅದೇ ನನ್ನ ಹಳೆಯ ಮುಖ ಮಾಡಿಕೊಂಡು ನಿಂತಿದ್ದಾರೆ. ದೇಶದಲ್ಲಿ ಗಂಡಸು ಮಾಸ್ತರರು ಎಷ್ಟು ಉಳಿದರು ಎಂದು ದೊಡ್ಡವರು ಲೆಕ್ಕ ಹಾಕುತ್ತಾರಂತೆ. ನನಗೆ ಈ ಗೋಡೆ ಸಾಕು.

ಗಂಡಸು ಮಾಸ್ತರರೆಲ್ಲ ಎಲ್ಲಿ ಹೋದರು ಎಂದು ಒಮ್ಮೆ ಪಾಲಕರ ಸಭೆಗೆ ಬಂದ ಒಬ್ಬರು ಬಿಡಿಸಿ ಹೇಳಿದರು.

"ಹುಡುಗಗ ಮಾಸ್ತರಕಿ ಬ್ಯಾಡ್ರಿ ಅಕ್ಕೋರ. ಅವಗ ಸೊಲ್ಲಾಪುರ ರೋಡಿನ್ಯಾಗ ಒಂದ ಅಂಗಡಿ ಹಾಕಿಕೊಡ್ತೀನಿ. ಮಗಳಿಗೆ ಬಿ.ಎಡ್ ಮಾಡಸೀನಿ. ಹೆಣ್ಣಮಕ್ಕಳಿಗೆ ಆರಾಮ ನೌಕರಿ ನೋಡ್ರಿ ಅದು."

ಅದೇ ಹುಡುಗನ ತರಗತಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಇಲ್ಲದಿದ್ದರೆ ಆರಾಮದ ಬಗ್ಗೆ ನಾಲ್ಕು ಮಾತು ಹೇಳುತ್ತಿದ್ದೆ.

ಒಬ್ಬರೇ ಗಂಡಸು ಉಳಿದ ಮೇಲೆ ಗಣಿತದ ಸರ್ ಗತಿ ನನ್ನ ಹಳೆಯ ಗತಿಯೇ ಆಯಿತು. ಮಕ್ಕಳು ಕೂರುವ ಬೆಂಚು, ಬಾಕು ಎತ್ತಿಡುವುದು ಅವರು, ಹಾವು ಬಂದರೆ ಕೋಲು ಹಿಡಿಯುವುದು ಅವರು, ಹುಡುಗರ ಕಬಡ್ಡಿ ತಂಡದ ಜೊತೆ ಹೋಗುವುದೂ ಅವರೇ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಮಾಳಿಗೆಯ ಮೇಲಿನ ನೀರಿನ ಟಾಕಿ. ದಿನಾ ಊಟದ ಹೊತ್ತಿಗೆ ಅದರ ವಾಲ್ವ್ ತಿರುವಲೆಂದು ಹಿಂದಿನ ಕಬ್ಬಿಣದ ನಿಚ್ಚಣಿಕೆ ಏರಿ ಹೋದರೆ ಅರ್ಧ ತಾಸು ಕೆಳಗಿಳಿಯುತ್ತಿರಲಿಲ್ಲ. ಪಾಪ, ಎಷ್ಟು ಕಷ್ಟದ ಕೆಲಸವೋ ಎಂದು ನಾವೆಲ್ಲ ಅವರ ಪಾಲಿನ ಚಹಾ ಮುಚ್ಚಿಡುತ್ತಿದ್ದೆವು.

ಅವರ ಅಪ್ಪ ಲಕ್ವಾ ಹೊಡೆದು ಬಬಲೇಶ್ವರದ ಮನೆಯಲ್ಲಿ ಮಲಗಿದ್ದರು. ತಾಯಿಗೆ ಒಬ್ಬರೇ ಅವರನ್ನು ಎಬ್ಬಿಸಿ ಕೂರಿಸುವ ಶಕ್ತಿ ಇರಲಿಲ್ಲ. ಓಣಿಯವರು ಯಾರಾದರೂ ಬಿಡುವಾಗಿ ಬಂದರೆ ಉಂಟು, ಇಲ್ಲದಿದ್ದರೆ ಆ ದಿನವೆಲ್ಲ ಮಲಗಿದಲ್ಲೇ ಊಟ. ಸರ್ ತಿಕೋಟಾದಲ್ಲಿ ಬಾಡಿಗೆ ಖೋಲಿ ಮಾಡಿಕೊಂಡು ಭಾನುವಾರದ ದಾರಿ ಕಾಯುತ್ತಿದ್ದರು. ಕೊನೆಗೆ ಬಬಲೇಶ್ವರದ ಹತ್ತಿರಕ್ಕೇ ವರ್ಗಾವಣೆ ಸಿಕ್ಕಿತು. ಪೇಢೆ ಹಂಚಿದರು. ನಾವು ತಿಂದೆವು.

ಆದರೆ ಹೆಡ್ ಮೇಡಂ ಬಿಡಬೇಕಲ್ಲ.

"ಬದಲಿ ಗಂಡ ಮಾಸ್ತರ ಬರೋತನಕ ನಾ ರಿಲೀವ್ ಮಾಡಂಗಿಲ್ರಿ. ಟಾಕಿ ಮ್ಯಾಲ ಏರೋರು ಯಾರು?"

"ಮೇಡಂ, ಅಪ್ಪನ್ನ ಎಬ್ಬಿಸಿ ಕುಂದರಸಾಕ ಯಾರೂ ಇಲ್ರಿ."

"ನಿಮ್ಮ ತ್ರಾಸ ನನಗ ತಿಳಿತೈತ್ರಿ. ಆದ್ರ ಸಾಲಿಗೆ ಒಬ್ರರೆ ಗಂಡಸರು ಬೇಕಲ್ರಿ."

ಇಡೀ ಜಿಲ್ಲೆಯಲ್ಲಿ ಬಿ.ಎಡ್ ಕಾಲೇಜುಗಳಿಂದ ಹೊರಬೀಳುವವರೆಲ್ಲ ಹುಡುಗಿಯರು. ಗಂಡಸು ಬದಲಿ ಎಲ್ಲಿಂದ ಬರಬೇಕು? ವರ್ಷ ಕಳೆಯಿತು. ಸರ್ ಕೇಳುವುದನ್ನೇ ಬಿಟ್ಟರು. ಬಾಕು ಮಾತ್ರ ಎತ್ತುತ್ತಲೇ ಇದ್ದರು.

ಒಂದು ದಿನ ಅವರು ತರಬೇತಿಗೆಂದು ವಿಜಯಪುರಕ್ಕೆ ಹೋಗಿದ್ದಾಗ ನಲ್ಲಿಯಲ್ಲಿ ನೀರು ನಿಂತಿತು. ಬಿಸಿಯೂಟದ ಹೊತ್ತು. ಉಂಡ ತಾಟು ಹಿಡಿದು ಮಕ್ಕಳು ಸಾಲಾಗಿ ನಿಂತಿದ್ದವು. ಹೆಡ್ ಮೇಡಂ, "ನಾಳೆ ಸರ್ ಬರ್ಲಿ, ನೋಡೂಣು" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಸೀರೆ ಮೇಲೆತ್ತಿ ಸಿಕ್ಕಿಸಿ, ಚಪ್ಪಲಿ ಬಿಟ್ಟು, ನಿಚ್ಚಣಿಕೆ ಹಿಡಿದೆ. ಕೆಳಗಿನಿಂದ ಎಲ್ಲರೂ ದೇವರನ್ನು ನೆನೆದರು.

ಮೇಲೆ ಹೋಗಿ ನೋಡಿದರೆ ವಾಲ್ವ್ ಪಕ್ಕದಲ್ಲೇ ಒಂದು ಕಲ್ಲು. ಅದರಿಂದ ಎರಡೇಟು ಹಾಕಿ ಬಿಗಿದಿದ್ದ ವಾಲ್ವ್ ತಿರುವಿದೆ, ಕೆಳಗೆ ನೀರು ಬಂದ ಸದ್ದು ಕೇಳಿತು. ಕೆಲಸ ಅಷ್ಟೇ. ಟಾಕಿಯ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನಮ್ಮ ಶಾಲೆಯೊಳಗೆ ಎಲ್ಲೂ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅಲ್ಲಿ ಸೊಂಟದಲ್ಲಿ ಸಿಕ್ಕಿಸಿದ್ದ ನನ್ನ ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ಆ ಅರ್ಧ ತಾಸು ಸರ್ ಬಬಲೇಶ್ವರಕ್ಕೆ ಫೋನು ಹಚ್ಚಿ ಅಪ್ಪನ ಜೊತೆ ಮಾತಾಡುತ್ತಿದ್ದರು ಎಂದು ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ.

ಕೆಳಗಿಳಿದಾಗ ಹೆಡ್ ಮೇಡಂ ಬೆರಗಾಗಿದ್ದರು. "ಸರ್‌ಗೆ ಅರ್ಧ ತಾಸು ಹಿಡಿತಿತ್ತಲ್ರಿ. ನೀವು ಇಷ್ಟ ಲಗೂನ?"

"ನಾ ಹೆಣ್ಣಮಗಳಲ್ರಿ, ಮನಿಗೆಲಸ ಮಾಡಿ ರೂಢಿ ಐತಿ. ಇನ್ನ ಟಾಕಿ ನಾ ಏರತೀನಿ. ಅವ್ರನ್ನ ಬಿಡ್ರಿ."

ಕುರ್ಚಿಯ ಸುದ್ದಿ ಎತ್ತಲಿಲ್ಲ. ಆ ವಾರವೇ ರಿಲೀವ್ ಆಯಿತು. ನಮ್ಮ ಕಡೆ ಗಂಡಸರಿಗೆ ಟೋಪಿ, ಟವೆಲ್ ಹಾಕಿ ಬೀಳ್ಕೊಡುವುದು ಪದ್ಧತಿ, ಹಾಕುವವರೂ ಗಂಡಸರೇ. ಒಬ್ಬರೂ ಇಲ್ಲದ್ದರಿಂದ ನಾನೇ ಹಾಕಿದೆ. ಟೋಪಿ ಸ್ವಲ್ಪ ದೊಡ್ಡದಾಗಿ ಅವರ ಹುಬ್ಬಿನ ತನಕ ಇಳಿಯಿತು.

ಕೆಲವು ವಾರ ಕಳೆದು ಅವರ ಫೋನು ಬಂದಾಗ ನಾನು ಮೇಲೆ ಅದೇ ಕುರ್ಚಿಯಲ್ಲಿದ್ದೆ. ದಿನಾ ಮುಂಜಾನೆ ಅಪ್ಪನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸುತ್ತಾರಂತೆ. ಈಗ ಕುಳಿತೇ ಊಟವಂತೆ.

"ಅಪ್ಪ ನಿನ್ನೆ ಕೇಳಿದ್ರು ಅಕ್ಕೋರ, ಈಗ ಆ ಸಾಲ್ಯಾಗ ಟಾಕಿ ಯಾರು ಏರತಾರಪಾ ಅಂತ. ಅಕ್ಕೋರು ಏರತಾರ ಅಂದ್ನಿ."

"ಏನಂದ್ರು?"

ಅವರು ತಡೆದು ತಡೆದು ಹೇಳಿದರು. "ಹಂಗಾರ ಒಂದ ವರ್ಷ ನನ್ನ ಯಾಕ ಮಲಗಿಸಿ ಇಟ್ರು ಅಂತ ಕೇಳಿದ್ರು."