ಆರ್ಡರ್ ಕೇಳಿದ ಗುರುವಾರ

ಎಪ್ಪತ್ತರ ದಶಕದ ಒಂದು ಮುಂಗಾರಿನಲ್ಲಿ ಕುರುಗೋಡಿಗೆ ಕಾಲರಾ ಬಂತು. ಬಳ್ಳಾರಿಯ ಕಾಲೇಜು ಇನ್ನೂ ತೆರೆಯದೆ ನಾನು ಮನೆಯಲ್ಲೇ ಇದ್ದೆ. ದಿನಚರಿಯ ಒಂದು ಪುಟಕ್ಕೆ ಗೆರೆ ಎಳೆದು, ಆರೋಗ್ಯ ಇಲಾಖೆಯ ಜೀಪಿನಲ್ಲಿ ಬಳ್ಳಾರಿಗೆ ಹೋದ ರೋಗಿಗಳೆಷ್ಟು, ತಿರುಗಿ ಬಂದವರೆಷ್ಟು ಎಂದು ಬರೆಯತೊಡಗಿದೆ. ಬುಧವಾರದ ಹೊತ್ತಿಗೆ ಹೋದವರು ಐದು, ಬಂದವರು ಸೊನ್ನೆ. ಆ ಸೊನ್ನೆಯನ್ನು ಓಣಿಯವರಿಗೆಲ್ಲ ತೋರಿಸಿದೆ.

ಅದೇ ಸಂಜೆ ಚಾವಡಿಯಲ್ಲಿ ಒಬ್ಬ ವಕೀಲರು ಕಾನೂನು ತಿಳಿಸಿದರು. ರೋಗ ಹರಡುವಾಗ ಆರೋಗ್ಯ ಇಲಾಖೆಯವರು ಮನೆ ಹೊಕ್ಕು ನೋಡಬಹುದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಬಹುದು, ರೋಗಿಯನ್ನು ಬೇರೆ ಇಡಲು ಒಯ್ಯಬಹುದು. ಯಾರ ಆರ್ಡರ್, ಎಲ್ಲಿಗೆ, ಎಷ್ಟು ದಿನ ಎಂದು ನೀವು ಕೇಳಬಹುದು. ಆದರೆ ಅದಕ್ಕಾಗಿ ಚಿಕಿತ್ಸೆ ತಡಮಾಡಬೇಡಿ ಎಂದರು.

"ಇವರನ್ನೂ ಇಲಾಖೆಯವರ ಕಳಿಸ್ಯಾರ, ನೋಡು," ಎಂದು ಹಿಂದೆ ಯಾರೋ ಗೊಣಗಿದರು. ನನಗೂ ಹಾಗೇ ಅನಿಸಿತು. ಆರ್ಡರ್ ಕೇಳಬಹುದು ಎಂಬುದನ್ನಷ್ಟೇ ಬರೆದುಕೊಂಡೆ.

ಗುರುವಾರ ನಸುಕಿನಿಂದ ದೊಡ್ಡವ್ವನಿಗೆ ವಾಂತಿಭೇದಿ ಶುರುವಾಯಿತು. ಹಚ್ಚೊಳ್ಳಿಯ ತವರಿನಲ್ಲಿ ಕಾಲುವೆ ನೀರು ಕುಡಿದು ಬಂದಿದ್ದಳು. ಅವಳನ್ನು ಜೋಳದ ಚೀಲಗಳ ಹಿಂದೆ ಮಲಗಿಸಿ, ವಾಸನೆ ಹೊರಗೆ ಹೋಗದಿರಲೆಂದು ಲೋಬಾನ ಹಾಕಿದೆವು. ಹೊತ್ತಲ್ಲದ ಹೊತ್ತಿನ ಆ ಹೊಗೆ ಕಂಡೇ ಹೆಲ್ತ್ ಇನ್ಸ್‌ಪೆಕ್ಟರ್ ಬಾಗಿಲಿಗೆ ಬಂದರು.

"ಯಾರಿಗೆ ಆರಾಮಿಲ್ರಿ?"

"ದೇವರಿಗೆ ಲೋಬಾನ ಹಾಕೀವ್ರಿ," ಎಂದ ಅಪ್ಪ.

"ದೇವರು ವಾಂತಿ ಮಾಡಾಕತ್ತಾರೇನ್ರಿ? ಇಲ್ಲಿತನಕ ಕೇಳಸಾಕತ್ತೈತಿ."

ನಾನು ಹೊಸ್ತಿಲಿಗೆ ಅಡ್ಡ ನಿಂತೆ. "ಆರ್ಡರ್ ತೋರಿಸ್ರಿ."

"ತಮ್ಮಾ, ಆರ್ಡರ್ ಬಳ್ಳಾರ್ಯಾಗ ಐತಿ, ಜೀಪ್ ಇಲ್ಲೈತಿ. ಯಾವುದು ಮೊದಲು ಬೇಕು?"

"ಆರ್ಡರ್."

ಅವರು ಜೀಪು ಹತ್ತಿ ಬಳ್ಳಾರಿಗೆ ಹೊರಟುಹೋದರು. ಆಗ ಗಂಟೆ ಒಂಬತ್ತೂ ಹತ್ತು. ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ. ಅವರು ಆರ್ಡರ್ ಹಿಡಿದು ತಿರುಗಿ ಬಂದದ್ದು ಒಂದೂ ಇಪ್ಪತ್ತಕ್ಕೆ. ಅಷ್ಟರಲ್ಲಿ ದೊಡ್ಡವ್ವನ ಕಣ್ಣುಗಳು ಗುಳಿಬಿದ್ದಿದ್ದವು, ಕೈಯ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ನಾನು ಕಾಗದ ಹಿಡಿದು ಮೊಹರು, ಸಹಿ ನೋಡತೊಡಗಿದೆ. ಎಷ್ಟು ದಿನ ಎಂಬ ಜಾಗ ಖಾಲಿಯಿತ್ತು. ಅದರ ಮೇಲೆ ಬೆರಳಿಟ್ಟೆ.

ಚೀಲಗಳ ಹಿಂದಿನಿಂದ ಪಿಸುದನಿ ಬಂತು: "ಓದೂದು ಮುಗೀತೇನಪಾ? ಮುಗಿದಿದ್ರ ನನ್ನ ಎತ್ತು. ನಂಗ ಏಳಾಕ ಆಗವಲ್ದು."

ಎತ್ತಿದೆ. ಜೀಪಿನಲ್ಲಿ ನಾನೂ ಹೋದೆ.

ಬಳ್ಳಾರಿಯ ಕಾಲರಾ ವಾರ್ಡಿನಲ್ಲಿ ನಮ್ಮೂರಿನ ನಾಲ್ವರು ಜಗುಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಪೂರ್ತಿ ಗುಣವಾಗುವ ತನಕ ಅವರನ್ನು ಬಿಡುವಂತಿರಲಿಲ್ಲ, ಅಷ್ಟೇ. ಐದನೆಯವರು ಎಲ್ಲಿ ಎಂದರೆ ಯಾರೂ ಸರಿಯಾಗಿ ಹೇಳಲಿಲ್ಲ. ನರ್ಸಮ್ಮ ದೊಡ್ಡವ್ವನ ನರ ಸಿಗದೆ ಮೂರು ಸಲ ಸೂಜಿ ಚುಚ್ಚಿದರು. "ಇಷ್ಟೊತ್ತು ಏನ್ ಮಾಡಾಕತ್ತಿದ್ರಿ?" ಎಂದು ಬೈದರು.

ಮರುದಿನ, ಐದನೆಯ ಸಲೈನ್ ಬಾಟಲಿಗೆ, ದೊಡ್ಡವ್ವನಿಗೆ ದನಿ ಬಂತು. ನೀರು ಕೇಳಿ ಕುಡಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಲೇ, ನಾಕ್ ತಾಸು ಹೊಸ್ತಿಲದಾಗ ನಿಂತಿದ್ದಿಯಲ್ಲಾ, ಕಾಲ್ ನೋಯಲಿಲ್ಲೇನೋ ನಿನಗ?"